ವೇಲ್ಸಿನಲ್ಲಿ ಎರಡು ಬಾಣಂತನ

ಲಂಡನ್ನಿನ ವಿಮಾನ ನಿಲ್ದಾಣ

ಕಸ್ಟಮ್ಸ್ ಅಧಿಕಾರಿ ನನ್ನ ಪೆಟ್ಟಿಗೆಯಿಂದ ಅಂಟಿನ ಗಂಟನ್ನು ಹೊರತೆಗೆದು, ಒಂದು ಹಳದಿ ಹರಳನ್ನು ದೀಪದ ಬೆಳಕಿಗೆ ಹಿಡಿದು ನೋಡಿದ.

"ಇದೇನು?"

"ಗಮ್," ಎಂದೆ.

"ಅಂಟಿಸುವುದಕ್ಕಾ?"

"ತಿನ್ನುವುದಕ್ಕೆ."

"ಯಾರು ತಿನ್ನುತ್ತಾರೆ?"

"ಹಡೆದವರು."

ಅವನು ನನ್ನ ನರೆಗೂದಲನ್ನೂ ಹೊಟ್ಟೆಯನ್ನೂ ಸರದಿಯಂತೆ ನೋಡಿದ. "ನಾನಲ್ಲ, ನನ್ನ ತಂಗಿ," ಎಂದು ಅವಸರದಲ್ಲಿ ಸೇರಿಸಿದೆ. ಅವನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಕ್ಕಳು. ಗಂಟು ಮತ್ತೆ ಪೆಟ್ಟಿಗೆ ಸೇರಿತು.

ಎಪ್ಪತ್ತರ ದಶಕದ ಕೊನೆಯ ಚಳಿಗಾಲವದು. ನಮ್ಮ ಯಜಮಾನರಿಗೆ ಚನ್ನಗಿರಿಯಲ್ಲಿ ಅಡಿಕೆ ಮಂಡಿ. ನನಗೆ ಶಿವಮೊಗ್ಗೆಯ ಬಸ್ಸೇ ದೂರದ ಪ್ರಯಾಣ. ತಂಗಿ ನಿರ್ಮಲ, ನಮ್ಮ ನಿಮ್ಮಿ, ವೇಲ್ಸಿನಲ್ಲಿ ಡಾಕ್ಟರ ಹೆಂಡತಿ. ಚೊಚ್ಚಲ ಹೆರಿಗೆ. ನ್ಯಾಮತಿಯ ನಮ್ಮ ತವರಿನಲ್ಲಿ ಅವ್ವ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆ ನಾನೇ ಹೊರಟೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಒಂದಿಷ್ಟು, ಅಂಟು, ಬಜೆ, ಸಾಂಬ್ರಾಣಿ, ಒಣಶುಂಠಿ, ಇಷ್ಟು ನನ್ನ ಸಾಮಾನು. ಅಲ್ಲಿ ಎರಡು ಬಾಣಂತನಕ್ಕೆ ಕೈ ಹಾಕಬೇಕಾದೀತೆಂದು ಯಾರೂ ಹೇಳಿರಲಿಲ್ಲ.

ಗುಡ್ಡದ ಮೇಲಿನ ಬೀದಿ

ಆ ಊರು ಗುಡ್ಡದ ಇಳಿಜಾರಿನಲ್ಲಿತ್ತು. ಒಂದೇ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ ಮನೆಗಳು; ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯಲ್ಲಿ ಕೇಳುತ್ತಿತ್ತು. ನಮ್ಮಲ್ಲಿ ಬೀದಿಗೆ ದನ ಬರುವ ಹಾಗೆ ಅಲ್ಲಿ ಕುರಿ ಬರುತ್ತಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೈದು ಕುರಿ ಕಸದ ಡಬ್ಬಿ ಉರುಳಿಸಿ ಆಲೂಗಡ್ಡೆ ಸಿಪ್ಪೆ ತಿನ್ನುತ್ತಿದ್ದವು. ಯಾರೂ ಬೈಯುತ್ತಿರಲಿಲ್ಲ. ಚನ್ನಗಿರಿ ಪೇಟೆಯ ಹಸುಗಳು ನೆನಪಾಗಿ, ಆ ಊರು ಮೊದಲ ದಿನವೇ ನನಗೆ ಅರ್ಧ ಹೊಂದಿಕೊಂಡಿತು.

ಪಕ್ಕದ ಮನೆಯಲ್ಲಿದ್ದವಳು ಮೆಗನ್. ಅರವತ್ತು ದಾಟಿದ ವಿಧವೆ. ಗಂಡಸರ ಬೂಟು, ಮೊಣಕೈ ಸವೆದ ಸ್ವೆಟರು. ಹಿತ್ತಲ ಗೋಡೆಯಾಚೆಯಿಂದ ಅವಳೇ ಮಾತು ತೆಗೆದಳು. ಅವಳ ಇಂಗ್ಲಿಷನ್ನು ನಾನು ಮನಸ್ಸಿನಲ್ಲೇ ನಮ್ಮೂರ ಮಾತಿಗೆ ತಿರುಗಿಸಿಕೊಳ್ಳುತ್ತಿದ್ದೆ. ಈಗಲೂ ನನಗೆ ಅದು ಹಾಗೇ ನೆನಪಿದೆ.

"ನಿಮ್ಮ ತಂಗಿಗೆ ಇನ್ನೂ ದಿನ ಐತಲ್ಲ? ನಮ್ಮ ನೆಲ್‌ಗೆ ಈ ಗುರುವಾರ," ಎಂದಳು.

ನೆಲ್ ಅವಳ ಮಗಳಿರಬೇಕು ಎಂದುಕೊಂಡೆ. ಒಳಗೆ ಬಂದು, ಪಾಪ, ತಾಯಿ ಇರುವ ಹುಡುಗಿಯಾದರೂ ಉಪಚಾರ ಮಾಡುವುದು ಧರ್ಮ ಎಂದುಕೊಂಡು, ತಂಗಿಗೆಂದು ತಂದದ್ದರಲ್ಲೇ ಸ್ವಲ್ಪ ತೆಗೆದು ಅಂಟು ಹುರಿದೆ. ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಉಂಡೆ ಕಟ್ಟಿದೆ. ತಂಗಿ ಮಲಗಿದ್ದಳು, ಎಬ್ಬಿಸಿ ಕೇಳಲಿಲ್ಲ. ಡಬ್ಬಿ ಹಿಡಿದು ಮೆಗನ್ ಬಾಗಿಲು ತಟ್ಟಿ, "ನಿಮ್ಮ ನೆಲ್‌ಗೆ. ಹಡೆದ ಮೇಲೆ ದಿನಾ ಬೆಳಿಗ್ಗೆ ಒಂದೊಂದು," ಎಂದೆ.

ಮೆಗನ್ ಉಂಡೆ ನೋಡಿದಳು, ನನ್ನನ್ನು ನೋಡಿದಳು. "ಬರ್ರಿ, ನೆಲ್‌ನ ನೋಡಿಕೊಂಡು ಹೋಗ್ರಿ," ಎಂದು ಅಡಿಗೆಮನೆಗೆ ಕರೆದೊಯ್ದಳು. ಒಲೆಯ ಪಕ್ಕದ ಅಗಲ ಮರದ ಪೆಟ್ಟಿಗೆಯಲ್ಲಿ ಹಳೆ ಪೇಪರಿನ ಮೇಲೆ ಕಪ್ಪು ಬಿಳಿ ಬಣ್ಣದ ನಾಯಿಯೊಂದು ಹೊಟ್ಟೆ ಹೊತ್ತು ಮಲಗಿತ್ತು. ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು.

ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೆಗನ್ ಮಾತ್ರ ನಗುವನ್ನು ತಡೆಹಿಡಿದು, ನಾಯಿಗೆ ಸಿಹಿ ಆಗದೆಂದು ಹೇಳಿ, ಒಂದು ಉಂಡೆ ತಾನೇ ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಟೀಗೆ ನೀರಿಟ್ಟಳು. ನಾವು ಗೆಳತಿಯರಾದದ್ದು ಹೀಗೆ.

ಮೆಗನ್ ಅಡಿಗೆಮನೆ, ಗುರುವಾರ

ನಮ್ಮ ಮನೆಯಲ್ಲಿ ನಾಯಿಗೆ ಜಗಲಿಯವರೆಗೆ ಮಾತ್ರ ಹಕ್ಕು. ಒಲೆಯ ಪಕ್ಕ ಹೆರಿಗೆ ಕೋಣೆ ಮಾಡಿಕೊಂಡ ನಾಯಿಯನ್ನು ನಾನು ನೋಡಿದ್ದೇ ಅಲ್ಲಿ. ಅವತ್ತು ಬೆಳಿಗ್ಗೆ ಕುತೂಹಲ ತಡೆಯದೆ ಹೋಗಿ ಬಾಗಿಲ ಬಳಿ ಸೆರಗು ಬಿಗಿದುಕೊಂಡು ನಿಂತೆ.

ಪೆಟ್ಟಿಗೆಯ ಒಳಸುತ್ತಿಗೆ ಒಂದು ಹಲಗೆ ಹೊಡೆದಿದ್ದರು. "ಯಾಕೆ?" ಎಂದೆ. ತಾಯಿ ಗೋಡೆಗೆ ಒರಗಿದಾಗ ಬೆನ್ನ ಹಿಂದೆ ಮರಿ ಸಿಕ್ಕಿ ಅಪ್ಪಚ್ಚಿಯಾಗದಿರಲೆಂದು. ಬಿಸಿನೀರಿನ ಬಾಟಲಿ, ಒಗೆದಿಟ್ಟ ಟವೆಲ್ಲುಗಳು, ದಾರ, ಕತ್ತರಿ ಎಲ್ಲ ಸಾಲಾಗಿದ್ದವು. ನನ್ನ ಹೆರಿಗೆಗೆ ನಮ್ಮತ್ತೆ ಇಷ್ಟು ಸಜ್ಜು ಮಾಡಿರಲಿಲ್ಲ.

ಮರಿಗಳು ಒಂದೊಂದಾಗಿ ಬಂದವು. ಕೊನೆಗೆ ಎರಡು ಒಟ್ಟೊಟ್ಟಿಗೆ. ಒಂದನ್ನು ಮೆಗನ್ ನೋಡಿಕೊಳ್ಳುತ್ತಿದ್ದಾಗ ಇನ್ನೊಂದು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ತಗೊಳ್ರಿ! ಉಜ್ಜ್ರಿ!" ಎಂದು ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೇ ಹಾಕಿದಳು.

ಯೋಚಿಸಲು ಹೊತ್ತಿರಲಿಲ್ಲ. ಕರು ಹುಟ್ಟಿದಾಗ ಹುಲ್ಲಿನಿಂದ ಉಜ್ಜುವುದನ್ನು ನೋಡಿದ್ದೆ, ಹಾಗೇ ಉಜ್ಜಿದೆ. ಇಲಿಯಷ್ಟೂ ಇಲ್ಲದ ಆ ಜೀವ ತಣ್ಣಗಿತ್ತು. ಉಜ್ಜುತ್ತ ಉಜ್ಜುತ್ತ ನನಗೆ ಗೊತ್ತಿಲ್ಲದೆ "ಅಳವ್ವಾ, ಅಳು" ಎನ್ನುತ್ತಿದ್ದೆನಂತೆ. ಕೀಂ ಎಂದಿತು. ಕೊರಳ ಸುತ್ತ ಬಿಳಿ ಪಟ್ಟಿಯಿದ್ದ ಹೆಣ್ಣು ಮರಿ. ಮನೆಗೆ ಬಂದು ಯಾರಿಗೂ ಹೇಳದೆ ಸ್ನಾನ ಮಾಡಿದೆ. ಸಂಜೆಗೆ ಮತ್ತೆ ಹೋಗಿ ಅದನ್ನೇ ಹುಡುಕಿದೆ.

ಹಿತ್ತಲ ಗೋಡೆ

ಆ ನಾಯಿಗಳು ಕೋಲಿ ಎಂಬ ತಳಿ. ಕುರಿ ಕಾಯುವುದು ಅವುಗಳ ಕಸುಬು. ಮೆಗನ್‌ಳ ಅಪ್ಪ ಕುರಿಗಾಹಿ. ನೆಲ್‌ಳ ಅಜ್ಜಿಯ ಅಜ್ಜಿ ಅವನ ನಾಯಿ. ಅಲ್ಲಿಂದ ಒಂದೇ ಎಳೆಯಲ್ಲಿ ಬಂದ ವಂಶ. ಈ ಸೂಲಿನಲ್ಲಿ ಒಂದು ಹೆಣ್ಣು ಮರಿ ಉಳಿಸಿಕೊಂಡು ವಂಶ ಮುಂದುವರಿಸಬೇಕೆಂದು ಅವಳ ಆಸೆ. ಬಿಳಿಪಟ್ಟಿಯ ಮರಿಯ ಮೇಲೇ ಅವಳ ಕಣ್ಣೂ ಇತ್ತು.

ನೆಲ್‌ಗೆ ಗಂಡು ಹುಡುಕಲು ಅವಳು ದೂರದ ಜಿಲ್ಲೆಗೆ ಹೋಗಿಬಂದಿದ್ದಳು. ಕೆಳಗಿನ ಬೀದಿಯಲ್ಲೇ ಲಕ್ಷಣವಾದ ಗಂಡುನಾಯಿ ಇತ್ತಲ್ಲ ಎಂದೆ.

"ಅದು ನೆಲ್‌ಗೆ ಚಿಕ್ಕಪ್ಪ ಆಗ್ಬೇಕು."

ನಾನು ನಕ್ಕೆ. ಅವಳು ನಗಲಿಲ್ಲ. "ಜಾತಿ ಶುದ್ಧ ಆದಷ್ಟೂ ನೆಂಟರೇ ಸುತ್ತ ಇರ್ತಾರೆ. ಹೊರಗಿನವರು ಸಿಗಲ್ಲ. ಅದಕ್ಕೇ ಹುಷಾರಾಗಿರ್ಬೇಕು. ನಿಮ್ಮಲ್ಲಿ ಹೆಂಗೆ?"

ಅವಳು ಕೇಳಿದ್ದು ನಾಯಿಯದ್ದು; ನಾನು ಶುರುಮಾಡಿದ್ದು ಮದುವೆಯದ್ದು. ಹೆಣ್ಣು ನೋಡಲು ಬಂದವರು ಮೊದಲು ಬೆಡಗು, ಅಂದರೆ ವಂಶದ ಗುಂಪು, ಕೇಳುತ್ತಾರೆ, ಒಂದೇ ಬೆಡಗಾದರೆ ಅಣ್ಣತಂಗಿ ಎಂದು ಲೆಕ್ಕ, ಎಷ್ಟೇ ಚೆನ್ನಾಗಿದ್ದರೂ ಎದ್ದು ಹೋಗುತ್ತಾರೆ ಎಂದು ಹೆಮ್ಮೆಯಿಂದ ವಿವರಿಸಿದೆ. ಮೆಗನ್ ಗಮನವಿಟ್ಟು ಕೇಳಿ, "ಭೇಷ್. ತಾಯಿ ಕಡೆಯವರನ್ನ ಹೆಂಗೆ ನೋಡ್ತೀರಿ?" ಎಂದಳು.

ತಾಯಿಯ ತಮ್ಮನಿಗೇ ಮೊದಲ ಹಕ್ಕು ಎಂದು ಹೇಳುವುದು ಹೇಗೆ? "ಅದು ಬೇರೆ," ಎಂದು ಮಾತು ಬದಲಿಸಿ ನಾಯಿಗೆ ಬಂದೆ.

ಜಗಳೂರಿನಲ್ಲಿ ನಮ್ಮ ಸೋದರತ್ತೆಯ ಊರಿನವರು ಮೊಲದ ಬೇಟೆಗೆ ತೆಳ್ಳನೆಯ, ಉದ್ದ ಕಾಲಿನ ನಾಯಿ ಸಾಕುತ್ತಿದ್ದರು. ಹೆಣ್ಣುನಾಯಿ ಬೆದೆಗೆ ಬಂದರೆ ಅದನ್ನು ಗೂಟಕ್ಕೆ ಕಟ್ಟಿ, ಎರಡು ಊರು ದಾಟಿ ಗಂಡು ನೋಡಲು ಹೋಗುತ್ತಿದ್ದರು. ಒಡಹುಟ್ಟಿದವು ಕೂಡಿದರೆ ಓಟ ಹೋಗುತ್ತದೆ ಎನ್ನುತ್ತಿದ್ದರು. ಹೊನ್ನಾಳಿಯಲ್ಲಿ ಮಾತ್ರ ನಾನು ಬೇರೆಯದನ್ನೇ ಕಂಡಿದ್ದೆ. ಪರಿಚಯದ ಸಾಹುಕಾರರೊಬ್ಬರು ಬೆಂಗಳೂರಿನಿಂದ ಜೋಡಿ ಅಲ್ಸೇಷನ್ ಮರಿ ತರಿಸಿದ್ದರು. ಎರಡೂ ಒಂದೇ ತಾಯಿಯವು. ಬೆಳೆದ ಮೇಲೆ ಅವಕ್ಕೇ ಮರಿ ಮಾಡಿಸಿದರು. ಆ ಮರಿಗಳಿಗೂ ಅವುಗಳಲ್ಲೇ. ಕೊನೆಯ ಸೂಲಿನ ಮರಿಗಳು ಹಿಂಗಾಲು ಎಳೆದುಕೊಂಡು ಅಂಗಳದಲ್ಲಿ ತೆವಳುತ್ತಿದ್ದವು. ಕಂಡವರ ದೃಷ್ಟಿ ತಾಗಿತೆಂದು ಅವುಗಳ ಕೊರಳಿಗೆ ಕರಿದಾರ ಕಟ್ಟಿದ್ದರು.

"ಆ ಮರಿಗಳು ಏನಾದ್ವು?" ಎಂದಳು ಮೆಗನ್. ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ನಿಮ್ಮಿಯ ಮನೆ, ಎಣ್ಣೆನೀರು

ನನ್ನ ತಂಗಿ ನಿಮ್ಮಿ ಹಡೆದಳು, ಗಂಡು ಮಗು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನ್ನ ಕೈಗೆ ಸಿಕ್ಕಿದಳು. ಎಣ್ಣೆ ಹಚ್ಚಿ, ಸುಡುವ ನೀರು ಹೊಯ್ದು, ಹೊದಿಸಿ ಮಲಗಿಸಿ, ಕಿಟಕಿ ಮುಚ್ಚಿ ಸಾಂಬ್ರಾಣಿ ಹಾಕಿದೆ. ಆ ದೇಶದ ಕೋಣೆಗಳು ಎಷ್ಟು ಚಿಕ್ಕವೆಂದರೆ ಹೊಗೆ ಮೆಟ್ಟಿಲಿಳಿದು ಬೀದಿ ಬಾಗಿಲ ಸಂದಿಯಿಂದ ಆಚೆ ಹೊರಟಿತು. ಮರುಕ್ಷಣ ಮೆಗನ್ ಬಕೆಟ್ ನೀರು ಹಿಡಿದು ನುಗ್ಗಿದಳು!

"ಎಲ್ಲಿ ಬೆಂಕಿ?"

"ಬೆಂಕಿ ಅಲ್ರೀ, ಮಗುವಿನ ತಲೆ ಒಣಗಿಸಾಕೆ," ಎಂದೆ.

ಅವಳು ಬಕೆಟ್ ಕೆಳಗಿಟ್ಟು, ಹೊಗೆಯಲ್ಲಿ ಕೆಮ್ಮುತ್ತ ಎಲ್ಲವನ್ನೂ ಕೇಳಿಕೊಂಡಳು. ಬಾಣಂತಿಯನ್ನು ಎಷ್ಟು ದಿನ ಹೊರಗೆ ಬಿಡುವುದಿಲ್ಲ, ಏನು ತಿನ್ನಿಸುತ್ತೀರಿ, ಮುಂದಿನ ಮಗುವಿಗೆ ಎಷ್ಟು ಅಂತರ. ಕೊನೆಯದನ್ನು ಕೇಳಿದವಳೇ ಸೇರಿಸಿದಳು: "ನೆಲ್‌ನ ಪ್ರತಿ ಬೆದೆಗೂ ಗಂಡಿಗೆ ಬಿಡಲ್ಲ. ಮೈ ತುಂಬಿಕೊಳ್ಳಾಕೆ ಟೈಮ್ ಬೇಕು."

ಮಂಚದ ಮೇಲಿಂದ ನಿಮ್ಮಿ, "ನೋಡಕ್ಕ, ನಾಯಿಗೆ ಐತೆ ಆ ಭಾಗ್ಯ," ಎಂದು ಕನ್ನಡದಲ್ಲಿ ಅಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಕಣ್ಣಿನ ಡಾಕ್ಟರ ಊರು

ಮರಿಗಳು ಓಡಾಡಿ ಬೂಟಿನ ದಾರ ಕಚ್ಚುವಷ್ಟಾದಾಗ ಮೆಗನ್ ಅವನ್ನೆಲ್ಲ ಬುಟ್ಟಿಗೆ ತುಂಬಿ ಹಳೆಯ ವ್ಯಾನು ಹತ್ತಿದಳು. ಬುಟ್ಟಿ ಹಿಡಿಯಲು ನಾನು. ಈ ತಳಿಯಲ್ಲಿ ಕಣ್ಣಿನ ದೋಷವೊಂದು ಹುಟ್ಟಿನಿಂದಲೇ ಬರುವುದುಂಟಂತೆ. ಎಳೆಯದರಲ್ಲೇ ತೋರಿಸಿದರೆ ಗೊತ್ತಾಗುತ್ತದೆ, ತಡವಾದರೆ ಮರೆಯಾಗಿಬಿಡಬಹುದು. ಕಾನೂನೇನೂ ಇಲ್ಲ. ಬಹಳ ಜನ ತೋರಿಸುವುದಿಲ್ಲ. ಇವಳು ತೋರಿಸುತ್ತಾಳೆ.

ನಾಯಿಗೆ ಕಣ್ಣಿನ ಡಾಕ್ಟರು! ನಮ್ಮ ಕಡೆ ಮನುಷ್ಯರಿಗೇ ಕಣ್ಣಿನ ಶಿಬಿರ ಬಂದಾಗ ಉಂಟು, ಇಲ್ಲದಾಗ ಇಲ್ಲ. ಆತ ವಯಸ್ಸಾದ, ದಪ್ಪನೆಯ ಮನುಷ್ಯ. ಮರಿಗಳ ಕಣ್ಣಿಗೆ ಹನಿ ಬಿಟ್ಟು, ಸ್ವಲ್ಪ ಕಾದು, ಕೋಣೆ ಕತ್ತಲು ಮಾಡಿ, ಹಣೆಗೆ ದೀಪ ಕಟ್ಟಿಕೊಂಡು ಒಂದೊಂದನ್ನೇ ನೋಡತೊಡಗಿದ. ನೋಡುವಾಗ ಯಾವುದೋ ಪ್ರಾರ್ಥನೆಯ ರಾಗ ಗುನುಗುತ್ತಿದ್ದ. ಒಂದು ಮರಿ, ಎರಡು, ಮೂರು. ರಾಗ ಸಾಗುತ್ತಿತ್ತು. ಬಿಳಿಪಟ್ಟಿಯನ್ನು ಮೇಜಿನ ಮೇಲಿಟ್ಟಾಗ ಅರ್ಧದಲ್ಲಿ ನಿಂತಿತು.

ಮೆಗನ್ ಕುರ್ಚಿಯಿಂದ ಎದ್ದಳು.

ಎರಡೂ ಕಣ್ಣಿನ ಹಿಂದಿನ ಪೊರೆ ಕಳಚುತ್ತಿದೆ ಎಂದ. ಈಗ ಕಾಣುತ್ತದೆ, ಹೆಚ್ಚು ಕಾಲ ಕಾಣಲಾರದು. ಇನ್ನೊಂದು ಗಂಡು ಮರಿಗೆ ದೋಷದ ಗುರುತಿದೆ, ಆದರೆ ದೃಷ್ಟಿಗೆ ಅಪಾಯವಿಲ್ಲ. ಉಳಿದವು ಚೆನ್ನಾಗಿವೆ.

"ನೆಲ್ ಕಣ್ಣು ಸರಿ ಐತಲ್ಲ. ಗಂಡುನಾಯಿದೂ ಸರಿ ಐತೆ ಅಂದಿದ್ರಲ್ಲ. ಮತ್ತೆ ಎಲ್ಲಿಂದ ಬಂತು?" ಎಂದು ನಾನು ಕೇಳಿದೆ.

ಅಪ್ಪ ಅಮ್ಮ ಇಬ್ಬರೂ ಒಳಗೊಳಗೇ ಹೊತ್ತಿರಬಹುದು, ಹೊತ್ತವರ ಕಣ್ಣಿನಲ್ಲಿ ಅದು ಕಾಣುವುದಿಲ್ಲ, ಇಬ್ಬರದೂ ಕೂಡಿದಾಗ ಮಕ್ಕಳಲ್ಲಿ ತೋರುತ್ತದೆ ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದ.

ವಾಪಸು ಬರುವಾಗ ಗುಡ್ಡದ ತಿರುವಿನಲ್ಲಿ ಮೆಗನ್ ವ್ಯಾನು ನಿಲ್ಲಿಸಿ, ಪೇಪರಿನಲ್ಲಿ ಕಟ್ಟಿದ ಆಲೂಗಡ್ಡೆ ಹೋಳಿನ ಬಿಸಿ ಕರಿದ ತಿಂಡಿ ತಂದಳು. ಅದರ ಮೇಲೆ ಹುಳಿನೀರು ಸುರಿದಿದ್ದರು. ಇಬ್ಬರೂ ತಿಂದೆವು.

"ಅಪ್ಪನ ಕಾಲದಿಂದ ಬಂದಿದ್ದು. ಇಲ್ಲಿಗೆ ನಿಲ್ತು," ಎಂದಳು.

"ಉಳಿದ ಮರಿಗಳ ಕಣ್ಣು ಚೆನ್ನಾಗೈತಲ್ಲ, ಮೆಗನ್? ಅದ್ರಾಗೆ ಒಂದು ಹೆಣ್ಣು ಇಟ್ಕೋಬಹುದಲ್ಲ?"

"ಕಣ್ಣು ಚೆನ್ನಾಗೈತೆ. ಒಳಗೆ ಏನು ಹೊತ್ತೈತೋ ಯಾರಿಗೆ ಗೊತ್ತು? ಗೊತ್ತಾದ ಮೇಲೂ ಮುಂದುವರಿಸಿದ್ರೆ ಅದು ನಾನು ಮಾಡಿದಂಗೆ, ದೇವರು ಮಾಡಿದಂಗಲ್ಲ."

ಬುಟ್ಟಿಯಲ್ಲಿ ಬಿಳಿಪಟ್ಟಿ ನನ್ನ ಬೆರಳಿನ ಉಪ್ಪು ನೆಕ್ಕುತ್ತಿತ್ತು.

ಕೆಂಪು ಮೀಸೆಯವರು ಬಂದ ಮಧ್ಯಾಹ್ನ

ಅವಳು ಮೊದಲು ಮಾಡಿದ ಕೆಲಸ, ಗಂಡುನಾಯಿಯ ಯಜಮಾನನಿಗೆ ಫೋನು. ಎರಡು ದಿನ ಬಿಟ್ಟು ಆತನೇ ಬಂದ. ಕೆಂಪು ಮೀಸೆ, ಹೊಳೆಯುವ ಬೂಟು. ಆತನ ನಾಯಿ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದದ್ದು, ಎಲ್ಲ ಕಡೆಯಿಂದ ಅದರ ಹತ್ತಿರ ಹೆಣ್ಣುನಾಯಿ ತರುತ್ತಿದ್ದರು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಲೆಯ ಬಳಿ ಕೂತಿದ್ದೆ. ಎದ್ದು ಹೋಗಬೇಕಿತ್ತು. ಕುತೂಹಲ ಬಿಡಲಿಲ್ಲ.

"ಊರೆಲ್ಲ ಸಾರೋದು ಬ್ಯಾಡ, ಮೆಗನ್. ಆ ಒಂದು ಮರೀನ ಡಾಕ್ಟರ ಹತ್ರ ಸೂಜಿ ಹಾಕ್ಸಿ ಮಲಗಿಸಿಬಿಡು. ಉಳಿದವನ್ನ ಕೊಟ್ಟುಬಿಡು. ಮುಗೀತು."

"ಹೋದ ವರ್ಷ ನಾನು ನಿನ್ನ ಕೇಳಿದ್ದೆ. ನಿನ್ನ ನಾಯಿಗೆ ಹಿಂಗಿರೋ ಮರಿ ಯಾವತ್ತಾದ್ರೂ ಹುಟ್ಟಿತ್ತಾ ಅಂತ."

"ಒಂದೆರಡು ಎಲ್ಲಾರಿಗೂ ಹುಟ್ತವೆ!"

ಹೇಳಿದ ಮೇಲೆ ಆತನಿಗೇ ಗೊತ್ತಾಯಿತು. ಮೆಗನ್ ದನಿ ಏರಿಸಲಿಲ್ಲ. "ಆವತ್ತು ಇಲ್ಲ ಅಂದಿದ್ದೆ," ಎಂದಳು.

ಆತ ತಬ್ಬಿಬ್ಬಾಗಿ ನನ್ನತ್ತ ತಿರುಗಿದ. "ನೀವೇ ಹೇಳಿ ಮೇಡಂ. ನಿಮ್ಮ ದೇಶದಲ್ಲಿ ಇಂಥದ್ದನ್ನೆಲ್ಲ ಬಹಿರಂಗ ಮಾಡ್ತಾರಾ?"

ನನ್ನ ಬಾಯಿಗೆ ಬಂದದ್ದು ಗಾದೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ನಮ್ಮಲ್ಲಿ," ಎಂದುಬಿಟ್ಟೆ. ಆತನ ಮೀಸೆ ಅರಳಿತು. ಮೆಗನ್ ನನ್ನನ್ನು ನೋಡಿದ ನೋಟಕ್ಕೆ ನನ್ನ ಕಿವಿ ಬಿಸಿಯಾಯಿತು. ಗಾದೆ ಅಲ್ಲಿಗೇ ಮುಗಿಯುತ್ತದೆ. ಆದರೆ ನಾನು ಕಂಡದ್ದು ಅಲ್ಲಿಗೆ ಮುಗಿದಿರಲಿಲ್ಲ. "ಆದ್ರೆ ಆ ಸಾವಿರ ಸುಳ್ಳಿನ ಜೊತೆ ಬಾಳೋಳು ಹುಡುಗಿ, ಹೇಳಿದವರಲ್ಲ," ಎಂದೆ.

ಆತ ಟೋಪಿ ಎತ್ತಿಕೊಂಡು ಹೋದ. ಆಮೇಲೆ ಆತನ ಗೆಳೆಯರು ಕೆಲವರು ಅಂಗಡಿಯಲ್ಲಿ ಮೆಗನ್ ಕಂಡರೆ ಬೆನ್ನು ತಿರುಗಿಸಿದ್ದನ್ನು ನಾನೇ ನೋಡಿದ್ದೇನೆ.

ಅವಳು ನೆಲ್‌ಳ ಹಿಂದಿನ ಸೂಲಿನ ಮರಿಗಳನ್ನು ಒಯ್ದವರಿಗೂ ಒಬ್ಬೊಬ್ಬರಿಗೇ ಫೋನು ಮಾಡಿದಳು. ಕೆಲವರು ಬೈದರು, ಕೆಲವರು ತಕ್ಷಣ ತೋರಿಸುತ್ತೇವೆಂದರು. ಒಬ್ಬ ಮುದುಕ ರೈತ, "ಎಡಗಡೆಯಿಂದ ಹೋದ್ರೆ ಬೆಚ್ಚಿ ಬೀಳ್ತಾನೆ. ಮೊಂಡ ಅಂದ್ಕೊಂಡು ಬೈತಾ ಇದ್ದೆ," ಎಂದನಂತೆ. ಇದನ್ನು ಹೇಳುವಾಗ ಮಾತ್ರ ಮೆಗನ್ ಕಣ್ಣೊರೆಸಿಕೊಂಡಳು.

ಮರಿಗಳು ಹೊರಟ ಭಾನುವಾರ

ಮರಿ ಒಯ್ಯಲು ಬಂದವರನ್ನು ಅವಳು ಕೂರಿಸಿ ಪ್ರಶ್ನಿಸಿದ ಪರಿಯಲ್ಲಿ ನಮ್ಮವರು ವರನನ್ನೂ ಪ್ರಶ್ನಿಸುವುದಿಲ್ಲ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಹಿಂದೆ ನಾಯಿ ಇತ್ತೇ, ಅದು ಹೇಗೆ ಸತ್ತಿತು? ದೊಡ್ಡ ಕಾರಿನಲ್ಲಿ ಬಂದ ದಂಪತಿ, ಹೆಣ್ಣು ಮರಿ ಬೇಕು, ಬೆಳೆಸಿ ಮರಿ ಮಾಡಿಸುತ್ತೇವೆ ಎಂದರು. ಮೆಗನ್ ಕಣ್ಣಿನ ವಿಷಯವನ್ನೆಲ್ಲ ಹೇಳಿ, ಈ ಸೂಲಿನ ಯಾವ ಮರಿಯೂ ಮರಿ ಹಾಕಬಾರದು, ಆಪರೇಷನ್ ಮಾಡಿಸುವುದಾದರೆ ಮಾತ್ರ ಕೊಡುತ್ತೇನೆ ಎಂದಳು. ಅವರು ಟೀ ಅರ್ಧಕ್ಕೇ ಬಿಟ್ಟು ಎದ್ದರು. ಇಲ್ಲಿ ಕೊಡುವವರ ಕೈ ಮೇಲು! ನಾನು ನೋಡುತ್ತ ಕೂತೆ.

ಒಪ್ಪಿದವರಿಗೆ ಕೊನೆಯ ಮಾತು ಒಂದೇ. "ಸಾಕಾಕೆ ಆಗ್ದಿದ್ರೆ ಬೀದಿಗೆ ಬಿಡಬ್ಯಾಡ್ರಿ, ಬೇರೆಯವರಿಗೆ ದಾಟಿಸಬ್ಯಾಡ್ರಿ. ಎಷ್ಟು ವರ್ಷ ಆಗಿದ್ರೂ ಸರಿ, ನನ್ನ ಬಾಗಿಲಿಗೆ ತರ್ರಿ."

ತವರು ಎಂಬುದಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲವೆಂದು ನಿಮ್ಮಿ ಹೇಳುತ್ತಿದ್ದಳು. ಪದವಿಲ್ಲದಿದ್ದರೇನು ಅನ್ನಿಸಿತು.

ಸಂಜೆಗೆ ಬಿಳಿಪಟ್ಟಿ ಒಂದೇ ಉಳಿಯಿತು. ಕುರುಡಾಗಲಿರುವ ಮರಿ ಯಾರಿಗೆ ಬೇಕು? ಅದನ್ನು ತಾನೇ ಇಟ್ಟುಕೊಳ್ಳಬೇಕೆಂದು ಮೆಗನ್ ಅಂದುಕೊಂಡಿದ್ದಳು. ಆದರೆ ತನ್ನ ವಯಸ್ಸು ಲೆಕ್ಕ ಹಾಕಿ ಹೆದರುತ್ತಿದ್ದಳು. ಅಷ್ಟರಲ್ಲಿ, ಬಾಣಂತಿಯಾಗಿ ಹೊಸಿಲು ದಾಟದಿದ್ದ ನಿಮ್ಮಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಒಳಗೆ ಬಂದಳು.

"ಅಕ್ಕ, ಆ ಮರೀನ ನಾವು ಇಟ್ಕೋತೀವಿ ಅಂತ ಕೇಳು."

"ನಿಮ್ಮ ಯಜಮಾನ್ರು?"

"ಒಪ್ಪಿಸೀನಿ. ಕೇಳು ನೀನು."

ಕೇಳುವುದೇನು, ಮೆಗನ್‌ಗೆ ಅರ್ಥವಾಗಿತ್ತು. ಗೆಳತಿಯ ತಂಗಿಯೆಂದು ವಿನಾಯಿತಿ ಕೊಡಲಿಲ್ಲ. ಕುರ್ಚಿ ತೋರಿಸಿದಳು.

"ನಾಯಿ ಸಾಕಿ ಗೊತ್ತಾ?"

"ಇಲ್ಲ."

"ಕೈಗೂಸು ಐತೆ ನಿನಗೆ."

"ಎರಡೂ ಕೂಡಿ ಬೆಳೀಲಿ."

"ಊರಿಗೆ ವಾಪಸ್ ಹೋಗ್ತೀವಿ ಅಂತ ಬಂದಾಗಿಂದ ಹೇಳ್ತಾ ಇದ್ದೀ. ಹೋದ್ರೆ?"

ಆ ಮನೆಗೆ ಬಂದ ವರ್ಷಗಳಲ್ಲಿ ನಿಮ್ಮಿ ಒಂದು ಗುಲಾಬಿ ಗಿಡವನ್ನೂ ನೆಟ್ಟಿರಲಿಲ್ಲ. ಮುಂದಿನ ವರ್ಷ ಹೊರಡುವವರಿಗೆ ಗಿಡ ಯಾಕೆ ಎನ್ನುತ್ತಿದ್ದಳು. ಮೆಗನ್ ಬಿಡಲಿಲ್ಲ. "ಇದರ ಕಣ್ಣು ಹೋಗ್ತದೆ. ಅವತ್ತು ಏನು ಮಾಡ್ತೀ?"

ನಿಮ್ಮಿ ಮರಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಹುಡುಕಿ ಹೇಳಿದಳು: "ಕುರ್ಚಿ, ಮೇಜು ಯಾವುದನ್ನೂ ಜಾಗ ಬದಲಿಸಲ್ಲ. ಎಲ್ಲಿ ಐತೋ ಅಲ್ಲೇ ಇರ್ತವೆ. ನಾವೂನು."

ಮೆಗನ್ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ನಡೆದಳು. ನಾವು ಹಿಂದೆ. ಮೆಟ್ಟಿಲಿನ ಅಂಚು ಮುಟ್ಟಿ ನೋಡಿದಳು, ಬೆಂಕಿಗೂಡಿನ ಮುಂದಿನ ತಡೆ ಅಲ್ಲಾಡಿಸಿ ನೋಡಿದಳು, ದಾರಿಗಡ್ಡವಿದ್ದ ಸ್ಟೂಲನ್ನು ಕಾಲಿನಿಂದ ಗೋಡೆಗೆ ಸರಿಸಿದಳು. ನಂತರ ಮರಿಯನ್ನು ನಡುಮನೆಯಲ್ಲಿ ಇಳಿಸಿದಳು.

ಅದು ಮೂಸುತ್ತ ಒಂದು ಸುತ್ತು ಬಂತು. ತೊಟ್ಟಿಲ ಕೆಳಗೆ ಹೋಗಿ, ಜಾಗ ಒಪ್ಪಿಗೆಯಾಯಿತೆಂಬಂತೆ ಉಚ್ಚೆ ಹೊಯ್ಯಿತು. ಬಟ್ಟೆ ತರಲೆಂದು ನಾನು ಏಳುವಷ್ಟರಲ್ಲಿ ನಿಮ್ಮಿ ತಲೆಯ ಸ್ಕಾರ್ಫನ್ನೇ ಬಿಚ್ಚಿಕೊಂಡು ನೆಲ ಒರೆಸಲು ಕೂತಿದ್ದಳು.